ಒಂದೇ ದಿನ ಬಂದಿಳಿದ ನಾಲ್ಕು ಸಾವಿರ ಜನ

2002ರ ನವೆಂಬರ್ ತಿಂಗಳ ಒಂದು ದಿನ, ಹಳೆಯ ಪುಸ್ತಕಗಳ ಕರಡು ತಿದ್ದುವ ಹವ್ಯಾಸಿಗಳ ಒಂದು ಚಿಕ್ಕ ಅಂತರ್ಜಾಲ ಬಳಗಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹೊಸದಾಗಿ ಬಂದು ಸೇರಿದರು. ಸ್ಲ್ಯಾಶ್‌ಡಾಟ್ ಎಂಬ ತಂತ್ರಜ್ಞಾನ ಸುದ್ದಿತಾಣದಲ್ಲಿ ಬಳಗದ ಬಗ್ಗೆ ಒಂದು ಸುದ್ದಿ ಬಂದದ್ದೇ ಇದಕ್ಕೆ ಕಾರಣ. ಆ ಕಾಲದಲ್ಲಿ ಸ್ಲ್ಯಾಶ್‌ಡಾಟ್‌ನಲ್ಲಿ ಹೆಸರು ಬಂದ ತಾಣದ ಸರ್ವರ್ ಮಲಗಿಕೊಳ್ಳುವುದು ಎಷ್ಟು ಮಾಮೂಲಾಗಿತ್ತೆಂದರೆ, ಅದಕ್ಕೆ ‘ಸ್ಲ್ಯಾಶ್‌ಡಾಟ್ ಪರಿಣಾಮ’ ಎಂದೇ ಹೆಸರು ಬಿದ್ದಿತ್ತು. ಇನ್ನೂರು ಎಲೆ ಎಂದು ಲೆಕ್ಕ ಹಾಕಿದ ಊಟಕ್ಕೆ ಇಡೀ ತಾಲ್ಲೂಕೇ ಬಂದು ಪಂಕ್ತಿಯಲ್ಲಿ ಕೂತಂತೆ.

ಇಂಥ ನೂಕುನುಗ್ಗಲನ್ನು ಕಂಡ ಹವ್ಯಾಸಿ ಬಳಗಗಳ ಗತಿ ಸಾಮಾನ್ಯವಾಗಿ ಎರಡರಲ್ಲಿ ಒಂದು. ಹಳಬರು ಬೇಸತ್ತು ಬಾಗಿಲು ಹಾಕಿಕೊಳ್ಳುತ್ತಾರೆ, ಇಲ್ಲವೇ ಬಾಗಿಲನ್ನು ತೆರೆದಿಟ್ಟು ತಾವೇ ಎದ್ದು ಹೋಗುತ್ತಾರೆ. ಈ ಬಳಗದಲ್ಲಿ ಎರಡೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದು ಈ ಪ್ರಕರಣದ ಒಂದು ಪಾಲು. ಗುಣಮಟ್ಟ ಕಾಯಲೆಂದು ಅದೇ ಬಳಗ ಮುಂದೆ ಕಟ್ಟಿಕೊಂಡ ಮೆಟ್ಟಿಲುಗಳ ಮೇಲೆ ಪುಸ್ತಕಗಳು ವರ್ಷಗಟ್ಟಲೆ ಸಿಕ್ಕಿಕೊಂಡದ್ದು ಇನ್ನೊಂದು ಪಾಲು. ಈ ಕಥೆಯನ್ನು ಹೇಳುವವರು ಮೊದಲನೆಯ ಪಾಲನ್ನಷ್ಟೇ ಹೇಳಿ ಮುಗಿಸುವುದು ಹೆಚ್ಚು. ನನಗೆ ಎರಡನೆಯದೂ ಅಷ್ಟೇ ಮುಖ್ಯವೆನಿಸುತ್ತದೆ.

ಬಳಗದ ಹೆಸರು ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್. ಒಳಗಿನವರು ಚಿಕ್ಕದಾಗಿ ಡಿಪಿ ಎನ್ನುತ್ತಾರೆ. ಚಾರ್ಲ್ಸ್ ಫ್ರ್ಯಾಂಕ್ಸ್ 2000ದಲ್ಲಿ ಇದನ್ನು ಶುರು ಮಾಡಿದ್ದು ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ ನೆರವಾಗಲೆಂದು. ಗುಟೆನ್‌ಬರ್ಗ್‌ನದು ಇನ್ನೂ ಹಳೆಯ ಕಥೆ. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿನ ದೊಡ್ಡ ಕಂಪ್ಯೂಟರಿಗೆ ಟೈಪು ಮಾಡಿ ಹಾಕಿದರು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಯಾರು ಬೇಕಾದರೂ ಓದಲು ಸಿಗುವಂತೆ ಮಾಡುವ ಕೆಲಸಕ್ಕೆ ಅದೇ ಮೊದಲು. ಮುಂದೆ ಬಹುಕಾಲ ನಡೆದದ್ದು ಕೈಯಾರೆ ಟೈಪು ಮಾಡುವ ದುಡಿಮೆ.

ಆಮೇಲೆ ಸ್ಕ್ಯಾನರ್ ಬಂತು, ಪುಟದ ಚಿತ್ರದಿಂದ ಅಕ್ಷರಗಳನ್ನು ಎತ್ತಿಕೊಡುವ ಓಸಿಆರ್ ತಂತ್ರಾಂಶ ಬಂತು. ಟೈಪಿಂಗ್ ಕಡಿಮೆಯಾಯಿತು, ಆದರೆ ತಿದ್ದುವ ಕೆಲಸ ಹಾಗೆಯೇ ಉಳಿಯಿತು. ಒಂದು ಪುಸ್ತಕವನ್ನು ಕೈಗೆತ್ತಿಕೊಂಡವರು ಮೊದಲಿನಿಂದ ಕೊನೆಯವರೆಗೆ ತಾವೇ ನೋಡಬೇಕು. ಮುನ್ನೂರು ಪುಟದ ಪ್ರವಾಸಕಥನ ಹಿಡಿದವರು ನಲವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಮಗಳ ಮದುವೆ, ಕಚೇರಿಯ ಲೆಕ್ಕ, ಬೆನ್ನುನೋವು ಎಂದು ಏನೋ ಒಂದು ಬಂದು ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಹವ್ಯಾಸದ ಕೆಲಸವೆಂದರೆ ಹಾಗೆಯೇ ಅಲ್ಲವೇ, ಬದುಕು ಬಿಟ್ಟುಕೊಟ್ಟ ಸಮಯದಲ್ಲಿ ನಡೆಯುವಂಥದ್ದು.

ಫ್ರ್ಯಾಂಕ್ಸ್ ಮಾಡಿದ್ದು ಪುಸ್ತಕವನ್ನು ಪುಟಪುಟವಾಗಿ ಬಿಡಿಸಿ ಹಂಚಿದ್ದು. ತೆರೆಯ ಒಂದು ಭಾಗದಲ್ಲಿ ಹಳೆಯ ಪುಟದ ಚಿತ್ರ, ಇನ್ನೊಂದು ಭಾಗದಲ್ಲಿ ಓಸಿಆರ್ ಎತ್ತಿಕೊಟ್ಟ ಪಠ್ಯ. ಎರಡನ್ನೂ ಹೋಲಿಸಿ, ತಪ್ಪಿದ್ದಲ್ಲಿ ತಿದ್ದಿ, ಉಳಿಸಿ, ಎದ್ದು ಹೋಗಬಹುದು. ಮುಂದಿನ ಪುಟವನ್ನು ಬೇರೆ ಖಂಡದ ಇನ್ನಾರೋ ತಿದ್ದುತ್ತಾರೆ. ಇಷ್ಟು ಮಾಡಲೇಬೇಕೆಂಬ ಕರಾರು ಯಾರಿಗೂ ಇಲ್ಲ. ದಿನಕ್ಕೊಂದು ಪುಟವಾದರೆ ಸಂತೋಷ, ಆಗದಿದ್ದರೂ ಬೇಸರವಿಲ್ಲ ಎಂಬ ಧಾಟಿಯಲ್ಲೇ ತಾಣ ಹೊಸಬರನ್ನು ಬರಮಾಡಿಕೊಳ್ಳುತ್ತಿತ್ತು.

ಈ ತಿದ್ದುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಓಸಿಆರ್ ಮಾಡುವ ತಪ್ಪುಗಳಲ್ಲಿ ದಡ್ಡ ತಪ್ಪುಗಳಿಂದ ತೊಂದರೆಯಿಲ್ಲ. ಅವು ಕಣ್ಣಿಗೆ ಹೊಡೆಯುತ್ತವೆ. ಜಾಣ ತಪ್ಪುಗಳೇ ಕಷ್ಟ. ಇಂಗ್ಲಿಷಿನ ‘ಮಾಡರ್ನ್’ ಪದದ ಕೊನೆಯ ಆರ್ ಮತ್ತು ಎನ್ ಅಕ್ಷರಗಳು ಮಸಿ ಹರಡಿ ಒಂದಕ್ಕೊಂದು ಅಂಟಿಕೊಂಡರೆ ಯಂತ್ರಕ್ಕೆ ಅದು ಎಮ್ ಆಗಿ ಕಾಣುತ್ತದೆ, ಪದ ‘ಮೋಡೆಮ್’ ಆಗುತ್ತದೆ. 1850ರ ಪುಸ್ತಕದಲ್ಲಿ ಮೋಡೆಮ್! ‘ಆ್ಯಂಡ್’ ಎಂಬ ಪದದ ಎನ್ ಸೀಳಿದಂತೆ ಕಂಡರೆ ಅದು ಬರಡು ಎಂಬ ಅರ್ಥದ ‘ಆ್ಯರಿಡ್’ ಆಗಿ ಕೂರುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕ ತಂತ್ರಾಂಶ ಸುಮ್ಮನೆ ದಾಟಿ ಹೋಗುತ್ತದೆ. ಇದನ್ನು ಹಿಡಿಯಲು ವಾಕ್ಯದ ಅರ್ಥ ಗೊತ್ತಿರುವ ಮನುಷ್ಯನೇ ಬೇಕು, ಆದರೆ ಪಂಡಿತರೇ ಆಗಬೇಕೆಂದಿಲ್ಲ. ಓದಲು ಬರುವ ಯಾರಿಗಾದರೂ ಮೊದಲ ಹತ್ತು ನಿಮಿಷದಲ್ಲೇ ಇಂಥ ಒಂದು ತಪ್ಪು ಸಿಗುತ್ತದೆ, ಸಿಕ್ಕಾಗ ಒಂದು ಸಣ್ಣ ಖುಷಿಯಾಗುತ್ತದೆ. ಆ ಖುಷಿ ಅವರನ್ನು ಎರಡನೆಯ ಪುಟಕ್ಕೆ ಒಯ್ಯುತ್ತದೆ.

ಹೊಸಬರ ತಪ್ಪುಗಳೂ ಇದ್ದವು. ಹೊಸಬರು ಕಡಿಮೆ ತಿದ್ದುವುದಕ್ಕಿಂತ ಹೆಚ್ಚಾಗಿ ಅತಿಯಾಗಿ ತಿದ್ದುತ್ತಾರೆ. ಲೇಖಕ ಬ್ರಿಟಿಷ್ ಕಾಗುಣಿತ ಬಳಸಿದ್ದರೆ ಅದನ್ನು ಅಮೆರಿಕದ ಕಾಗುಣಿತಕ್ಕೆ ತಿರುಗಿಸುತ್ತಾರೆ, ಹಳೆಯ ಕಾಲದ ಅಲ್ಪವಿರಾಮಗಳನ್ನು ಕಿತ್ತೆಸೆಯುತ್ತಾರೆ. ಪುಟದಲ್ಲಿ ಅಚ್ಚಾದದ್ದನ್ನು ಅಚ್ಚಾದಂತೆಯೇ ಇಡಬೇಕು ಎಂಬ ಶಿಸ್ತು ಓದುವ ಉತ್ಸಾಹದಿಂದ ಬರುವುದಿಲ್ಲ, ಕಲಿಯಬೇಕು. ಹಾಗಾದರೆ ನಾಲ್ಕು ಸಾವಿರ ಹೊಸ ಉತ್ಸಾಹಿಗಳು ಒಮ್ಮೆಗೇ ಕೈಹಾಕಿದಾಗ ಹಾಳಾಗದೆ ಉಳಿದದ್ದು ಹೇಗೆ?

ಒಂದು ಪುಟವನ್ನು ಇಬ್ಬರು ನೋಡಬೇಕು ಎಂಬ ನಿಯಮ ಮೊದಲೇ ಇತ್ತು. ಒಬ್ಬರು ತಿದ್ದಿದ್ದನ್ನು ಎರಡನೆಯ ಸುತ್ತಿನಲ್ಲಿ ಇನ್ನೊಬ್ಬರು ನೋಡುತ್ತಿದ್ದರು. ಹೀಗಾಗಿ ಹೊಸಬರ ತಪ್ಪು ಪುಸ್ತಕದವರೆಗೆ ಹೋಗುವ ಮೊದಲು ಇನ್ನೊಂದು ಜೋಡಿ ಕಣ್ಣನ್ನು ದಾಟಬೇಕಿತ್ತು. ಹಾಳಾದರೂ ಹಾಳಾಗುವುದು ಒಂದು ಪುಟ. ಅದನ್ನು ಸರಿಮಾಡಲು ಹಿಡಿಯುವುದು ಐದು ನಿಮಿಷ. ಹೊಸಬರನ್ನು ನಂಬಬೇಕೇ ಬೇಡವೇ ಎಂಬ ಚರ್ಚೆಯೇ ಅಲ್ಲಿ ಹುಟ್ಟಬೇಕಿರಲಿಲ್ಲ, ಏಕೆಂದರೆ ನಂಬಿ ಮೋಸಹೋದರೂ ನಷ್ಟ ಅಷ್ಟೇ.

ಇದರ ಬೆಲೆ ತಿಳಿಯಲು ಯೂಸ್‌ನೆಟ್ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಜಾಲತಾಣಗಳು ಹುಟ್ಟುವುದಕ್ಕೂ ಮೊದಲೇ ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳ ಮೂಲಕ ನಡೆಯುತ್ತಿದ್ದ ಚರ್ಚಾಕೂಟ ಅದು. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಗದ್ದಲ ಮಾಡುತ್ತಿದ್ದರು, ಹಳಬರಿಂದ ಬೈಸಿಕೊಂಡು ತಿಂಗಳೊಪ್ಪತ್ತಿನಲ್ಲಿ ರೀತಿನೀತಿ ಕಲಿಯುತ್ತಿದ್ದರು. 1993–94ರ ಹೊತ್ತಿಗೆ ಅಮೆರಿಕ ಆನ್‌ಲೈನ್‌ನಂಥ ಕಂಪನಿಗಳು ತಮ್ಮ ಗ್ರಾಹಕರಿಗೆಲ್ಲ ಯೂಸ್‌ನೆಟ್ ತೆರೆದುಕೊಟ್ಟ ಮೇಲೆ ಹೊಸಬರ ಹೊಳೆ ನಿಲ್ಲಲೇ ಇಲ್ಲ. ಹಳಬರು ಅದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. ಜನ ಹೆಚ್ಚಾದದ್ದಷ್ಟೇ ಅಲ್ಲಿನ ತೊಂದರೆಯಲ್ಲ. ಹೊಸಬರು ಬಂದ ತಕ್ಷಣ ಅಲ್ಲಿ ಮಾಡಬಹುದಾದ ಕೆಲಸ ಒಂದೇ, ಮಾತಾಡುವುದು. ಮಾತು ಎಲ್ಲರ ಕಿವಿಗೂ ಬೀಳುತ್ತದೆ, ತಪ್ಪು ಮಾತೂ ಹಾಗೆಯೇ. ಡಿಪಿಯಲ್ಲಿ ಹೊಸಬರಿಗೆ ಸಿಕ್ಕದ್ದು ಸದ್ದಿಲ್ಲದೆ ಮಾಡುವ ಒಂದು ಕೆಲಸ. ನಾಲ್ಕು ಸಾವಿರ ಜನ ಒಟ್ಟಿಗೆ ಮಾತಾಡಿದರೆ ಸಂತೆ. ಅವರೇ ಒಂದೊಂದು ಪುಟ ತಿದ್ದಿದರೆ ನಾಲ್ಕು ಸಾವಿರ ಪುಟ.

ಸ್ಲ್ಯಾಶ್‌ಡಾಟ್ ಓದುಗರಲ್ಲಿ ಪ್ರೋಗ್ರಾಮರುಗಳೇ ಹೆಚ್ಚು. ಪುಟ ತಿದ್ದಲು ಬಂದವರಲ್ಲಿ ಕೆಲವರು ತಾಣದ ತಂತ್ರಾಂಶವನ್ನೇ ತಿದ್ದಲು ಕೂತರು. ನೆಂಟರಾಗಿ ಬಂದವರು ಅಡುಗೆಮನೆಗೆ ನುಗ್ಗಿ ಸೌಟು ಹಿಡಿದರೆ ಕೆಲವು ಮನೆಗಳಲ್ಲಿ ಮುಖ ಊದುತ್ತದೆ. ಇಲ್ಲಿ ಬಿಟ್ಟುಕೊಟ್ಟರು. ಮುಂದೆ ಆ ತಂತ್ರಾಂಶವನ್ನು ಬೇರೆಯವರೂ ಬಳಸುವಂತೆ ಮುಕ್ತವಾಗಿಯೇ ಇಟ್ಟರು. ಫಲ ಎಣಿಕೆಯಲ್ಲೇ ಕಾಣಿಸಿತು. ಗುಟೆನ್‌ಬರ್ಗ್ ಸಂಗ್ರಹ ಐದು ಸಾವಿರ ಪುಸ್ತಕ ಮುಟ್ಟಲು 2002ರ ಏಪ್ರಿಲ್‌ವರೆಗೆ, ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಮುಂದಿನ ಐದು ಸಾವಿರಕ್ಕೆ ಹಿಡಿದದ್ದು ಸುಮಾರು ಒಂದೂವರೆ ವರ್ಷ. ಅದರಲ್ಲಿ ದೊಡ್ಡ ಪಾಲು ಡಿಪಿಯದು. 2007ರ ಮಾರ್ಚ್‌ನಲ್ಲಿ ಡಿಪಿ ತಾನೇ ತಿದ್ದಿ ಮುಗಿಸಿದ ಪುಸ್ತಕಗಳ ಲೆಕ್ಕ ಹತ್ತು ಸಾವಿರಕ್ಕೆ ಮುಟ್ಟಿತು.

ಮೆಟ್ಟಿಲುಗಳು

ಜನ ಹೆಚ್ಚಾದಂತೆ ಬಳಗದೊಳಗೆ ಗುಣಮಟ್ಟದ ಚಿಂತೆ ಹೆಚ್ಚಿತು. ಅಕ್ಷರ ತಿದ್ದುವುದೂ, ಓರೆ ಅಕ್ಷರ, ಶೀರ್ಷಿಕೆ, ಪದ್ಯದ ಸಾಲುಗಳಂಥ ವಿನ್ಯಾಸವನ್ನು ಗುರುತು ಹಾಕುವುದೂ ಅಲ್ಲಿಯವರೆಗೆ ಒಂದರೊಳಗೊಂದು ಬೆರೆತಿದ್ದವು. 2005ರ ಹೊತ್ತಿಗೆ ಅವುಗಳನ್ನು ಬೇರೆ ಮಾಡಿದರು. ಅಕ್ಷರಕ್ಕೆ ಮೂರು ಸುತ್ತು, ವಿನ್ಯಾಸಕ್ಕೆ ಎರಡು ಸುತ್ತು, ಆಮೇಲೆ ಎಲ್ಲ ಪುಟಗಳನ್ನೂ ಜೋಡಿಸಿ ಪುಸ್ತಕ ಮಾಡುವವರು, ಕೊನೆಗೆ ಒಬ್ಬ ಸಾಮಾನ್ಯ ಓದುಗನಂತೆ ಇಡೀ ಪುಸ್ತಕವನ್ನು ಓದಿ ಎಡವಿದಲ್ಲಿ ಹೇಳುವವರು. ಮೊದಲ ಸುತ್ತಿಗೆ ಯಾರು ಬೇಕಾದರೂ ಬರಬಹುದು. ಎರಡನೆಯ ಸುತ್ತಿಗೆ ಹೋಗಲು ಮೊದಲನೆಯದರಲ್ಲಿ ಮುನ್ನೂರು ಪುಟ ತಿದ್ದಿರಬೇಕು, ಸೇರಿ ಮೂರು ವಾರ ಕಳೆದಿರಬೇಕು, ಒಂದು ಚಿಕ್ಕ ಪರೀಕ್ಷೆ ಮುಗಿಸಿರಬೇಕು. ಮೂರನೆಯದಕ್ಕೆ ಅರ್ಜಿ ಹಾಕಬೇಕು, ನೀವು ತಿದ್ದಿದ ಪುಟಗಳನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ವ್ಯವಸ್ಥೆ ಹೊಸಬರಿಗೆಂದೇ ಮೀಸಲಿಟ್ಟ ಪುಸ್ತಕಗಳದು. ಸರಳ ಗದ್ಯದ, ಅಡಿಟಿಪ್ಪಣಿಗಳ ಕಾಟವಿಲ್ಲದ ಪುಸ್ತಕಗಳನ್ನು ಆರಿಸಿ ಮೊದಲ ಸುತ್ತಿನಲ್ಲಿ ಹೊಸಬರಿಗೆ ಮಾತ್ರ ಕೊಡುತ್ತಿದ್ದರು. ಎರಡನೆಯ ಸುತ್ತನ್ನು ಅನುಭವಿಗಳು ಮಾಡಿ, ಪ್ರತಿಯೊಬ್ಬ ಹೊಸಬರಿಗೂ ಖಾಸಗಿಯಾಗಿ ಪತ್ರ ಬರೆಯುತ್ತಿದ್ದರು: ಈ ಪುಟದಲ್ಲಿ ಇದು ಉಳಿದಿತ್ತು, ಇದನ್ನು ಮಾರ್ಗಸೂಚಿಯ ಇಂಥ ಭಾಗದಲ್ಲಿ ನೋಡಬಹುದು, ಉಳಿದದ್ದೆಲ್ಲ ಚೆನ್ನಾಗಿದೆ. ನಾಲ್ಕು ಜನರ ಎದುರಿನಲ್ಲಲ್ಲ, ಖಾಸಗಿಯಾಗಿ. ಅದರ ಜೊತೆಗೆ, ತಾನು ತಿದ್ದಿದ ಪುಟವನ್ನು ಮುಂದಿನ ಸುತ್ತಿನವರು ಎಲ್ಲೆಲ್ಲಿ ಬದಲಾಯಿಸಿದರು ಎಂಬುದನ್ನು ಸಾಲಿಗೆ ಸಾಲು ಹೋಲಿಸಿ ನೋಡುವ ಅನುಕೂಲವೂ ಇತ್ತು. ಹಿಂದೆ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಹುಡುಗರು ಹಿರಿಯರು ತಿದ್ದಿದ ಕರಡನ್ನು ನೋಡಿಯೇ ಕೆಲಸ ಕಲಿಯುತ್ತಿದ್ದದ್ದು ಹೀಗೆಯೇ.

ಆದರೆ ಮೆಟ್ಟಿಲುಗಳ ಲೆಕ್ಕದಲ್ಲಿ ಒಂದು ಎಡವಟ್ಟಾಯಿತು. ಕೆಳಗಿನ ಮೆಟ್ಟಿಲಿನ ಮೇಲೆ ಸದಾ ಜನ, ಮೇಲಿನ ಮೆಟ್ಟಿಲುಗಳ ಮೇಲೆ ಬೆರಳೆಣಿಕೆಯಷ್ಟು ಮಂದಿ. ಮೊದಲ ಸುತ್ತಿನಲ್ಲಿ ಕೆಲವೇ ದಿನಗಳಲ್ಲಿ ಮುಗಿದ ಪುಸ್ತಕ ಮೂರನೆಯ ಸುತ್ತಿನ ಬಾಗಿಲಲ್ಲಿ ಸರದಿ ಹಿಡಿದು ಕೂತಿತು. ಹಿಂದಿನಿಂದ ಇನ್ನಷ್ಟು ಪುಸ್ತಕಗಳು ಬಂದು ಸೇರಿಕೊಂಡವು. ಕೆಲವು ಪುಸ್ತಕಗಳು ಹೊರಬರಲು ವರ್ಷಗಟ್ಟಲೆ ಕಾದವು. ಹೊಸಬರ ಕಡೆಯಿಂದ ಯೋಚಿಸಿ: ನೀವು ಉತ್ಸಾಹದಿಂದ ತಿದ್ದಿದ ಪುಟ ಪುಸ್ತಕವಾಗಿ ಓದುಗನ ಕೈಗೆ ಸಿಗುವ ಹೊತ್ತಿಗೆ ನೀವು ಬಳಗದಲ್ಲಿ ಇರುತ್ತೀರೋ ಇಲ್ಲವೋ. ಬಾಗಿಲು ಹಾರು ಹೊಡೆದೇ ಇತ್ತು, ಒಳಗಿನ ಓಣಿ ಕಿರಿದಾಗಿತ್ತು.

ಹಳಬರು ಇದನ್ನು ಬೇಕೆಂದು ಮಾಡಿದ್ದಲ್ಲ. ಗುಣಮಟ್ಟದ ಹೆಸರಿನಲ್ಲಿ ಇಟ್ಟ ಪ್ರತಿಯೊಂದು ಮೆಟ್ಟಿಲಿಗೂ ಸಮರ್ಥನೆ ಇದ್ದೇ ಇತ್ತು. ನನ್ನ ಆಕ್ಷೇಪ ಮೆಟ್ಟಿಲುಗಳ ಮೇಲಲ್ಲ, ಎಲ್ಲ ಪುಸ್ತಕಗಳನ್ನೂ ಎಲ್ಲ ಮೆಟ್ಟಿಲುಗಳ ಮೇಲೂ ಹತ್ತಿಸಿದ್ದರ ಮೇಲೆ. ಸ್ಪಷ್ಟವಾಗಿ ಅಚ್ಚಾದ ಮಕ್ಕಳ ಕಥೆಗೂ, ಗ್ರೀಕ್ ಉಲ್ಲೇಖಗಳಿಂದ ಕಿಕ್ಕಿರಿದ ಸಸ್ಯಶಾಸ್ತ್ರದ ಗ್ರಂಥಕ್ಕೂ ಒಂದೇ ಸಂಖ್ಯೆಯ ಸುತ್ತುಗಳು ಬೇಕಿಲ್ಲ. ಬಳಗದಲ್ಲಿ ಈ ಮಾತು ಬರದೇ ಹೋಗಲಿಲ್ಲ. ಕೆಲವು ಪುಸ್ತಕಗಳಿಗೆ ಒಂದು ಸುತ್ತನ್ನು ಬಿಟ್ಟುಬಿಡುವ, ಕೆಲವಕ್ಕೆ ಅದೇ ಸುತ್ತನ್ನು ಮತ್ತೊಮ್ಮೆ ಮಾಡುವ ಪ್ರಯೋಗಗಳೂ ನಡೆದವು.

ಪುಸ್ತಕದ ತಲೆಯ ಮೇಲಿನ ಒಂದು ಸಾಲು

ಸ್ಲ್ಯಾಶ್‌ಡಾಟ್ ಸುದ್ದಿ ಒಮ್ಮೆ ಬಂತು, ಹೋಯಿತು. ಆಮೇಲೂ ಹೊಸಬರು ಬರುತ್ತಲೇ ಇದ್ದದ್ದು ಹೇಗೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ತೀರಾ ಸಣ್ಣ ಜಾಗದಲ್ಲಿದೆ. ಗುಟೆನ್‌ಬರ್ಗ್ ತಾಣದಿಂದ ಒಂದು ಹಳೆಯ ಪುಸ್ತಕವನ್ನು ಇಳಿಸಿಕೊಂಡು ತೆರೆಯಿರಿ. ಹೆಸರು, ಲೇಖಕ, ಭಾಷೆ ಇವುಗಳ ಕೆಳಗೆ ಒಂದು ಸಾಲು ಇರುತ್ತದೆ. ಈ ಪುಸ್ತಕವನ್ನು ಸಿದ್ಧಪಡಿಸಿದವರು ಇಂಥವರು ಮತ್ತು ಆನ್‌ಲೈನ್ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡಿಂಗ್ ತಂಡ ಎಂಬ ಸಾಲು, ಅದರ ಪಕ್ಕದಲ್ಲಿ ತಂಡದ ಜಾಲತಾಣದ ವಿಳಾಸ. ಸಾವಿರಾರು ಪುಸ್ತಕಗಳಲ್ಲಿ ಈ ಸಾಲು ಇದೆ. ಕತೆ ಓದಲೆಂದು ತೆರೆದವರ ಕಣ್ಣು ಅದರ ಮೇಲೆ ಬೀಳುತ್ತದೆ, ನೂರರಲ್ಲಿ ತೊಂಬತ್ತೊಂಬತ್ತು ಮಂದಿ ದಾಟಿ ಹೋಗುತ್ತಾರೆ. ಪುಸ್ತಕ ಉಚಿತವಾಗಿ ಸಿಕ್ಕಿತಲ್ಲ, ಇದನ್ನು ಮಾಡಿದವರು ಯಾರು ಎಂದು ಯೋಚಿಸುವ ಒಬ್ಬರು ಆ ವಿಳಾಸವನ್ನು ಒತ್ತುತ್ತಾರೆ. ಬಳಗಕ್ಕೆ ಬೇಕಾದದ್ದೂ ಅವರೇ. ಹಳೆಯ ಪುಸ್ತಕವನ್ನು ಇಷ್ಟಪಟ್ಟು ಓದುವವರು, ಓದಿಗಷ್ಟೇ ನಿಲ್ಲದವರು. ಕೋಟಿ ಸುರಿದು ಜಾಹೀರಾತು ಕೊಟ್ಟರೂ ಇಷ್ಟು ಸರಿಯಾಗಿ ಜರಡಿ ಹಿಡಿಯಲು ಆಗುತ್ತಿರಲಿಲ್ಲ.

ಇಂದಿನ ನಮ್ಮ ಹವ್ಯಾಸದ ಗುಂಪುಗಳಲ್ಲಿ ಬಹುಪಾಲು ವಾಟ್ಸ್ಆ್ಯಪ್‌ನಲ್ಲಿವೆ. ಕೈತೋಟದವರು, ಹಳೆಯ ನಾಣ್ಯ ಕೂಡಿಡುವವರು, ಚಾರಣದವರು. ಒಳಗೆ ಅಪರೂಪದ ಮಾಹಿತಿ ಹರಿಯುತ್ತಿರುತ್ತದೆ. ಆದರೆ ಒಂದು ಗುಂಪಿಗೆ 1,024 ಜನರ ಮಿತಿ, ಸೇರಲು ಒಳಗಿನವರು ಯಾರಾದರೂ ಸೇರಿಸಿಕೊಳ್ಳಬೇಕು ಇಲ್ಲವೇ ಗುಂಪಿನ ಕೊಂಡಿ ಕಳಿಸಬೇಕು, ಒಳಗಿನ ಒಂದು ಮಾತೂ ಹೊರಗೆ ಹುಡುಕಿದರೆ ಸಿಗುವುದಿಲ್ಲ. ಬದನೆ ಗಿಡದ ಎಲೆ ಯಾಕೆ ಹಳದಿಯಾಯಿತು ಎಂಬುದಕ್ಕೆ ಅನುಭವಿಯೊಬ್ಬರು ರಾತ್ರಿ ಹತ್ತಕ್ಕೆ ಕೊಟ್ಟ ಸೊಗಸಾದ ಉತ್ತರ ಬೆಳಗಿನ ಶುಭೋದಯದ ಹೂಗಳ ಕೆಳಗೆ ಹೂತುಹೋಗಿರುತ್ತದೆ. ಆ ಗುಂಪು ಇದೆ ಎಂಬುದೇ ಪಕ್ಕದ ಬೀದಿಯವರಿಗೆ ಗೊತ್ತಿರುವುದಿಲ್ಲ. ಯಾರೂ ಬಾಗಿಲು ಹಾಕಿದ್ದಲ್ಲ, ಮನೆಗೆ ಬಾಗಿಲೇ ಇಟ್ಟಿರಲಿಲ್ಲ.

ಡಿಪಿಯದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿದ ಉದಾಹರಣೆಯೂ ಇದೆ. 2007ರಲ್ಲಿ ಲೂಯಿಸ್ ಫಾನ್ ಆನ್ ಮತ್ತು ಸಂಗಡಿಗರು ರೀಕ್ಯಾಪ್ಚಾ ತಂದರು. ನೀವು ರೋಬಾಟ್ ಅಲ್ಲವೆಂದು ತೋರಿಸಲು ಎರಡು ಸೊಟ್ಟ ಪದಗಳನ್ನು ಟೈಪು ಮಾಡಬೇಕಿತ್ತಲ್ಲ, ಅದರಲ್ಲಿ ಒಂದು ಪದ ಓಸಿಆರ್‌ಗೆ ಓದಲಾಗದ ಹಳೆಯ ಪುಟದ್ದು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕೋಟ್ಯಂತರ ಜನ ಪದ ತಿದ್ದಿದರೂ ಅಲ್ಲಿ ಒಂದು ಬಳಗ ಹುಟ್ಟಲಿಲ್ಲ. ತಾವು ಕರಡು ತಿದ್ದುತ್ತಿದ್ದೇವೆ ಎಂಬುದೇ ಬಹುಪಾಲು ಜನರಿಗೆ ಗೊತ್ತಿರಲಿಲ್ಲ.

ಕನ್ನಡದ ಒಂದು ಪುಟ

ಡಿಪಿಯ ಬಾಗಿಲು ಎಲ್ಲರಿಗೂ ತೆರೆದಿತ್ತು ಎಂದು ಇಲ್ಲಿಯವರೆಗೆ ಹೇಳಿದ್ದಕ್ಕೆ ಒಂದು ತಿದ್ದುಪಡಿ ಬೇಕು. ಕನ್ನಡಕ್ಕೆ ತೆರೆದಿರಲಿಲ್ಲ. 2020ರ ಸುಮಾರಿಗೆ ಜಗತ್ತಿನ ಲಿಪಿಗಳಿಗೆಲ್ಲ ಜಾಗವಿರುವ ಯುನಿಕೋಡ್‌ಗೆ ಬದಲಾಗುವವರೆಗೂ ಮುಖ್ಯ ತಾಣ ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಗಳನ್ನಷ್ಟೇ ಸಂಭಾಳಿಸುತ್ತಿತ್ತು. ಯಾರೂ ಕನ್ನಡಿಗರನ್ನು ಬೇಡವೆಂದಿರಲಿಲ್ಲ, ಆದರೆ ಕನ್ನಡದ ಪುಟವೊಂದನ್ನು ಅಲ್ಲಿ ಇಡಲು ಜಾಗವಿರಲಿಲ್ಲ.

ಕನ್ನಡಕ್ಕೆ ಆ ಜಾಗ ಸಿಕ್ಕಿದ್ದು ವಿಕಿಪೀಡಿಯದ ಸೋದರ ತಾಣವಾದ, ಹಳೆಯ ಪುಸ್ತಕಗಳ ಮುಕ್ತ ಗ್ರಂಥಾಲಯ ವಿಕಿಸೋರ್ಸ್‌ನಲ್ಲಿ. ವಿಧಾನ ಹೆಚ್ಚುಕಡಿಮೆ ಅದೇ: ಒಂದು ಪಕ್ಕ ಹಳೆಯ ಪುಟದ ಚಿತ್ರ, ಇನ್ನೊಂದು ಪಕ್ಕ ಓಸಿಆರ್ ಪಠ್ಯ. ಮೆಟ್ಟಿಲುಗಳು ಮಾತ್ರ ಕಡಿಮೆ. ಇನ್ನೂ ತಿದ್ದದ ಪುಟಕ್ಕೆ ಕೆಂಪು ಬಣ್ಣ, ಒಬ್ಬರು ತಿದ್ದಿದರೆ ಹಳದಿ, ಬೇರೊಬ್ಬರು ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ಅರ್ಧ ತಿದ್ದಿದ ಪುಟವೂ ಎಲ್ಲರಿಗೂ ಕಾಣುತ್ತದೆ, ಹುಡುಕುವವರಿಗೂ ಸಿಗುತ್ತದೆ. ಯಾವುದೋ ಹಳೆಯ ಪದವನ್ನು ಹುಡುಕುತ್ತ ಬಂದವರು ನೇರವಾಗಿ ತಪ್ಪುಗಳಿರುವ ಪುಟದ ಮೇಲೆಯೇ ಬಂದು ಇಳಿಯಬಹುದು. ಡಿಪಿಯವರು ಪುಸ್ತಕ ಮುಗಿದ ಮೇಲೆ ಒಂದು ಸಾಲಿನಲ್ಲಿ ಕೊಡುವ ಕರೆಯೋಲೆಯನ್ನು ಇಲ್ಲಿ ತಪ್ಪೇ ಕೊಡುತ್ತದೆ.

ಕನ್ನಡ ಓಸಿಆರ್‌ನ ತಪ್ಪುಗಳ ಸೊಗಸೇ ಬೇರೆ. ‘ಮ’ ಇದ್ದಲ್ಲಿ ‘ವು’ ಬರುತ್ತದೆ. ‘ಧ’ದ ಹೊಟ್ಟೆ ಸೀಳಿದ್ದು ಮಸುಕಾದರೆ ‘ದ’ ಆಗುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಬಂದು ಕೂರುತ್ತದೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಹುಡುಕಿದಾಗ ಪದ ಸಿಗುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಅರ್ಕಾವೊತ್ತು. ಅದರ ಆಕಾರವೂ ಕನ್ನಡದ ಒಂಬತ್ತರ ಆಕಾರವೂ ಒಂದೇ. ಹೀಗಾಗಿ ಹಳೆಯ ಪುಸ್ತಕದ ‘ಕರ್ಮ’ ಯಂತ್ರದ ಕೈಯಲ್ಲಿ ‘ಕಮ೯’ ಆಗುತ್ತದೆ, ‘ಸೂರ್ಯ’ ‘ಸೂಯ೯’ ಆಗುತ್ತದೆ. ಯಂತ್ರಕ್ಕೆ ಅದು ಕಮ ಮತ್ತು ಒಂಬತ್ತು. ಶಾಲೆಯಲ್ಲಿ ಕನ್ನಡ ಓದಿದ ಯಾರೇ ಆದರೂ ಒಂದು ಕ್ಷಣ ನಕ್ಕು ಸರಿಮಾಡಬಲ್ಲರು. ಆ ಒಂಬತ್ತನ್ನು ಅಳಿಸಿ ‘ಮ’ಕ್ಕೆ ಮೊದಲು ‘ರ್’ ಸೇರಿಸಿ, ಪುಟದ ಉಳಿದ ತಪ್ಪುಗಳನ್ನೂ ಸರಿಮಾಡಿ, ತಿದ್ದಿಯಾಯಿತು ಎಂದು ಗುರುತು ಹಾಕಿ ಉಳಿಸಿದರೆ ಪುಟ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಇನ್ನೊಬ್ಬರು ಬಂದು ನೋಡುವವರೆಗೆ ಹಳದಿಯಾಗಿಯೇ ಇರುತ್ತದೆ.